ಕೀಲೆಣ್ಣೆಯ ವಿದ್ಯೆ

ಎತ್ತಿನ ಗಾಡಿಯ ಕಾಲದಲ್ಲಿ ದೂರದ ಪಯಣಕ್ಕೆ ಹೊರಟವನು ಕೀಲೆಣ್ಣೆಯ ಗೊಟ್ಟವನ್ನು ಮರೆಯುತ್ತಿರಲಿಲ್ಲ. ಅಚ್ಚು, ಗುಂಬ, ಹಳಿ, ಕಡಾಣಿ ಇವು ಅವನಿಗೆ ನಿಘಂಟಿನ ಶಬ್ದಗಳಾಗಿರದೆ ಬೆರಳುಗಳಿಗೆ ಪರಿಚಿತವಾದ ವಸ್ತುಗಳಾಗಿದ್ದವು. ಜಾತ್ರೆಗೆ ಹೊರಟ ಕಮಾನು ಗಾಡಿಯೊಳಗೆ ಅಡುಗೆಯ ಪಾತ್ರೆ, ಹಾಸಿಗೆ, ಎತ್ತಿನ ಮೇವು ಎಲ್ಲವೂ ಇರುತ್ತಿದ್ದವು. ಇರುಳಾದರೆ ಅದೇ ಮನೆ. ಮನೆಯೆಂದು ನಂಬಿದ ಗಾಡಿಯ ಕೀಲುಗಳನ್ನು ತಾನೇ ನೋಡಿಕೊಳ್ಳುವುದು ಒಡೆಯನ ಧರ್ಮವೆನಿಸಿತ್ತು.

ಈ ಮಮತೆ ಎಲ್ಲ ದೇಶಗಳಿಗೂ ಸಮಾನವಾದುದು. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 1950ರಲ್ಲಿ ತನ್ನ ವ್ಯಾನನ್ನು ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಉಣ್ಣುವ, ಮಲಗುವ ಏರ್ಪಾಡುಗಳನ್ನು ಅಣಿಗೊಳಿಸಿತು. ಅಂತಹ ವ್ಯಾನುಗಳಲ್ಲಿಯೇ 1960 ಮತ್ತು 1970ರ ದಶಕಗಳಲ್ಲಿ ಯೂರೋಪಿನ ಅನೇಕ ತರುಣರು ತುರ್ಕಿ, ಇರಾನ್, ಅಫಘಾನಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದರು. ಆ ಹಳೆಯ ಗಾಡಿಗಳನ್ನು ಕೈಯಾರೆ ದುರಸ್ತಿಮಾಡಿ ಓಡಿಸುವುದರಲ್ಲಿಯೇ ಸುಖ ಕಾಣುವವರು ಇಂದಿಗೂ ಅಲ್ಲಿದ್ದಾರೆ.

ಮಲೆನಾಡಿನಲ್ಲಿ ಆ ಸ್ಥಾನ ಹಳೆಯ ಜೀಪಿಗೆ ಸಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ಈ ವಾಹನವನ್ನು ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಭಾರತದಲ್ಲಿ ಜೋಡಿಸತೊಡಗಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಕೆ ತೋಟದ ಮನೆಗಳಿಗೆ ಅದು ಗೊಬ್ಬರ ಹೊತ್ತಿತು, ರೋಗಿಯನ್ನು ಹೊತ್ತಿತು, ಮದುವೆಯ ದಿಬ್ಬಣವನ್ನೂ ಹೊತ್ತಿತು. 1343 ಮೀಟರ್ ಎತ್ತರದ ಕೊಡಚಾದ್ರಿಯ ಕಲ್ಲುದಾರಿಯನ್ನು ಏರುವುದೂ ಅದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಶರಾವತಿ ಹಿನ್ನೀರಿನಾಚೆಯ ಊರುಗಳು ಸಾಗರಕ್ಕೆ ಬರಲು ಲಾಂಚನ್ನೇ ನೆಚ್ಚಬೇಕಾಯಿತು; ಹೊಳೆಬಾಗಿಲಿನಲ್ಲಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಂತಹ ಊರಿನಲ್ಲಿ ಗಾಡಿ ಕೆಟ್ಟರೆ ಒಡೆಯನೇ ಮೇಸ್ತ್ರಿಯಾಗದೆ ಗತ್ಯಂತರವಿರಲಿಲ್ಲ.

ಅನಿವಾರ್ಯದಿಂದ ಕಲಿತ ಈ ವಿದ್ಯೆ ಕ್ರಮೇಣ ಆನಂದವಾಗಿ ಪರಿಣಮಿಸಿತು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಸೀಮೆಯಲ್ಲಿ ಕಬ್ಬಿಣವನ್ನು ತುಕ್ಕಿನಿಂದ ಕಾಪಾಡುವುದೇ ಒಂದು ವ್ರತ. ಮಳೆಗಾಲ ಮುಗಿದೊಡನೆ ಕೆಸರನ್ನು ಕೆರೆದು, ಸ್ಪ್ರಿಂಗ್ ಪಟ್ಟಿಗಳಿಗೆ ಎಣ್ಣೆ ಬಿಟ್ಟು, ಕಾರ್ಬ್ಯುರೇಟರಿನ ಸಣ್ಣ ರಂಧ್ರವನ್ನು ಊದಿ ಶುಚಿಗೊಳಿಸುವವನ ಮುಖದಲ್ಲಿ ಆಯಾಸಕ್ಕಿಂತ ತೃಪ್ತಿಯೇ ಹೆಚ್ಚು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಉರಿಯದಿದ್ದರೆ ‘ಮಿಸ್ಸಿಂಗ್ ಹೊಡೆಯುತ್ತಿದೆ’ ಎಂದು ಅವನು ಕಿವಿಯಿಂದಲೇ ಅರಿಯುತ್ತಾನೆ. ನಾಲ್ಕು ಮಾತ್ರೆಯ ಗಣದಲ್ಲಿ ಒಂದು ಮಾತ್ರೆ ಲೋಪವಾದರೆ ಛಂದಸ್ಸು ಬಲ್ಲವನ ಕಿವಿ ತಡವರಿಸುವುದೂ ಹೀಗೆಯೇ. ಹುಳು ತಿಂದ ಓಲೆಗರಿಯಲ್ಲಿ ಲುಪ್ತವಾದ ಅಕ್ಷರವನ್ನು ಪ್ರಾಸದ ಬಲದಿಂದ ಕಂಡುಹಿಡಿದಾಗ ವಿದ್ವಾಂಸನಿಗೆ ಆಗುವ ಹಿಗ್ಗಿಗೂ, ದೋಷದ ಮೂಲ ಸಿಕ್ಕಿ ಯಂತ್ರವು ಮತ್ತೆ ಲಯಬದ್ಧವಾಗಿ ನುಡಿದಾಗ ಇವನಿಗೆ ಆಗುವ ಹಿಗ್ಗಿಗೂ ಭೇದವಿಲ್ಲ. ಎರಡೂ ಅರಿವಿನ ಆನಂದಗಳೇ.

ಇದನ್ನು ಬರಿಯ ಮೋಹವೆಂದು ಹಳಿಯುವವರುಂಟು. ಹಳೆಯ ವಾಹನ ಹೊಗೆಯುಗುಳುತ್ತದೆ, ಅಪಾಯಕಾರಿ ಎಂಬ ಅವರ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಹೊಸದಾದೊಂದು ಸ್ವಂತ ವಾಹನದ ನೋಂದಣಿಗೆ 1988ರ ಮೋಟಾರು ವಾಹನ ಕಾಯಿದೆಯು 15 ವರ್ಷಗಳ ಅವಧಿಯನ್ನು ವಿಧಿಸಿ, ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಣವನ್ನು ಕಡ್ಡಾಯಗೊಳಿಸಿದುದು ನ್ಯಾಯವೇ. ಬ್ರೇಕು ಹಿಡಿಯದ, ಕಪ್ಪು ಹೊಗೆ ಕಾರುವ ಗಾಡಿಯನ್ನು ‘ಅಜ್ಜನ ಕಾಲದ್ದು’ ಎಂಬ ಅಭಿಮಾನದಿಂದ ಓಡಿಸುವುದು ಪ್ರೀತಿಯಲ್ಲ, ಉಪೇಕ್ಷೆ. ಆದರೆ ಆ ನವೀಕರಣದ ಶುಲ್ಕವು 2022ರ ಏಪ್ರಿಲಿನಲ್ಲಿ ಕಾರು, ಜೀಪುಗಳಿಗೆ 600 ರೂಪಾಯಿಯಿಂದ 5000ಕ್ಕೆ ಏರಿತು. 2025ರಲ್ಲಿ 20 ವರ್ಷ ದಾಟಿದವುಗಳಿಗೆ 10,000ಕ್ಕೆ ಮುಟ್ಟಿತು. ಒಪ್ಪವಾಗಿಟ್ಟವನಿಗೂ ಕೆಡಿಸಿಟ್ಟವನಿಗೂ ಒಂದೇ ದಂಡ! ಪರೀಕ್ಷೆ ಎಷ್ಟು ಕಠಿನವಾದರೂ ಆಗಲಿ. ಅಳೆಯಬೇಕಾದುದು ಗಾಡಿಯ ಸ್ಥಿತಿಯನ್ನು, ಅದರ ವಯಸ್ಸನ್ನಲ್ಲ.

ಇದಕ್ಕಿಂತಲೂ ಶೋಚನೀಯವಾದ ನಷ್ಟ ಮತ್ತೊಂದಿದೆ. ಕೆಟ್ಟುದನ್ನು ಬಿಚ್ಚಿ ನೋಡುವ ಕುತೂಹಲವೇ ಎಳೆಯರಲ್ಲಿ ಬತ್ತುತ್ತಿದೆ. ಕೆಟ್ಟರೆ ಎಸೆ, ಹೊಸತನ್ನು ತಾ ಎಂಬುದೇ ನಡೆನುಡಿಯಾಗಿದೆ. ಗಂಧದ ಕೊರಡಿನಲ್ಲಿ ದೇವರನ್ನು ಕಂಡ ಗುಡಿಗಾರರ ನಾಡು ಸಾಗರ. ಉಳಿಯನ್ನು ತಾನೇ ಸಾಣೆ ಹಿಡಿಯಲಾರದವನು ಅಲ್ಲಿ ಗುಡಿಗಾರನೆನಿಸಲಾರ. ಅಂತಹ ನಾಡಿನ ಶಾಲೆಗಳಲ್ಲಿ ಕಾರ್ಯಾನುಭವದ ತರಗತಿಗೊಂದು ಹಳೆಯ ಇಂಜಿನು ಬರಲಿ; ಬಾಲಕರೂ ಬಾಲಿಕೆಯರೂ ಅದನ್ನು ಬಿಚ್ಚಲಿ, ಜೋಡಿಸಲಿ, ತಪ್ಪಲಿ, ಮತ್ತೆ ಜೋಡಿಸಲಿ. ಕೈಗೆ ಅಂಟಿದ ಗ್ರೀಸು ಸೀಗೆಪುಡಿಗೆ ಹೋದೀತು. ಕೈಗೆ ಹತ್ತಿದ ವಿದ್ಯೆ ಹೋಗದು.