ಮೂಲವಿಗ್ರಹ ಬಿಟ್ಟು ಉತ್ಸವಮೂರ್ತಿಗೆ ಕೈಮುಗಿಯುವವರು

‘ಗ್ಯಾಸ್‌ಲೈಟಿಂಗ್’ ಎಂಬ ಮಾತು ಈಗ ವಿದ್ಯಾವಂತರ ಬಾಯಲ್ಲಿ ಧಾರಾಳವಾಗಿ ಓಡಾಡುತ್ತಿದೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2022ರಲ್ಲಿ ಇದನ್ನೇ ವರ್ಷದ ಪದವೆಂದು ಆರಿಸಿ ಪಟ್ಟ ಕಟ್ಟಿದರು. ಇದು ಎಲ್ಲಿಂದ ಬಂತು ಎಂದು ಕೇಳಿನೋಡಿ. ಇಂಗ್ರಿಡ್ ಬರ್ಗ್‌ಮನ್ ನಟಿಸಿದ 1944ರ ಹಾಲಿವುಡ್ ಚಿತ್ರದಿಂದ ಎಂದು ರಸಿಕರು ಥಟ್ಟನೆ ಹೇಳಿಬಿಡುತ್ತಾರೆ. ನನ್ನ ತಕರಾರು ಇರುವುದು ಈ ಉತ್ತರದ ಮೇಲೆ. ಅದು ಮೆರವಣಿಗೆಗೆಂದು ಸಿಂಗರಿಸಿದ ಉತ್ಸವಮೂರ್ತಿ. ಮೂಲವಿಗ್ರಹ ಬೇರೆಯೇ ಇದೆ. ಅದನ್ನು ಒಡೆದುಹಾಕಲು ಪ್ರಯತ್ನವೂ ನಡೆದಿತ್ತು.

ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ನಾಟಕ ಇಂಗ್ಲೆಂಡಿನಲ್ಲಿ ರಂಗವೇರಿದ್ದು 1938ರಲ್ಲಿ. ಥೊರೊಲ್ಡ್ ಡಿಕಿನ್ಸನ್ ಅದನ್ನು ಅಲ್ಲಿಯೇ 1940ರಲ್ಲಿ ಚಿತ್ರವಾಗಿಸಿದರು. ಆಮೇಲೆ ಹಕ್ಕು ಕೊಂಡ ಎಂ.ಜಿ.ಎಂ. ಸಂಸ್ಥೆ, ತನ್ನ ಚಿತ್ರಕ್ಕೆ ಹೋಲಿಕೆಯೇ ಇರಬಾರದೆಂದು ಹಳೆಯ ಚಿತ್ರದ ಪ್ರತಿಗಳನ್ನು ನಾಶಮಾಡಲು ಹೊರಟ ಸಂಗತಿ ಚಿತ್ರಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕಂಡದ್ದನ್ನು ಕಾಣಲೇ ಇಲ್ಲವೆಂದು ನಂಬಿಸುವ ಗಂಡನ ಕಥೆಯನ್ನು ಕೊಂಡವರು, ಆ ಚಿತ್ರವೇ ಇರಲಿಲ್ಲವೆಂದು ಲೋಕವನ್ನು ನಂಬಿಸಹೊರಟರು!

ಕಥೆ ದೊಡ್ಡದೇನಲ್ಲ. ಲಂಡನ್ನಿನ ಒಂದು ಮನೆಯಲ್ಲಿ ಕೆಂಪುಹರಳುಗಳಿಗಾಗಿ ಒಬ್ಬ ಮುದುಕಿಯ ಕೊಲೆಯಾಗುತ್ತದೆ, ಹರಳುಗಳು ಸಿಕ್ಕುವುದಿಲ್ಲ. ವರ್ಷಗಳ ಮೇಲೆ ಅದೇ ಮನೆಗೆ ಪಾಲ್ ಮ್ಯಾಲನ್ ಹೆಂಡತಿ ಬೆಲ್ಲಾಳೊಡನೆ ಸಂಸಾರ ಹೂಡಲು ಬರುತ್ತಾನೆ. ಸಂಜೆ ಹೊರಗೆ ಹೋದಂತೆ ಮಾಡಿ, ಬೀಗ ಹಾಕಿದ ಮೇಲಂತಸ್ತನ್ನು ಗುಟ್ಟಾಗಿ ಹೊಕ್ಕು ಹರಳುಗಳನ್ನು ಹುಡುಕುತ್ತಾನೆ. ನಮ್ಮಲ್ಲಿ ಗ್ಯಾಸ್ ಎಂದರೆ ಅಡುಗೆಮನೆಯ ಸಂಗತಿ. ಅಲ್ಲಿ ಆಗ ದೀಪ ಉರಿಯುತ್ತಿದ್ದುದೂ ಕೊಳವೆಯಲ್ಲಿ ಬರುವ ಅನಿಲದಿಂದಲೇ. ಮೇಲೆ ಒಂದು ದೀಪ ಹಚ್ಚಿದರೆ ಒತ್ತಡ ತಗ್ಗಿ ಕೆಳಗಿನ ದೀಪ ಮಂಕಾಗುತ್ತದೆ. ಬೆಲ್ಲಾ ಅದನ್ನು ಕಾಣುತ್ತಾಳೆ, ಹೆಜ್ಜೆಯ ಸಪ್ಪಳವನ್ನೂ ಕೇಳುತ್ತಾಳೆ. ಎಲ್ಲವೂ ನಿನ್ನ ಭ್ರಮೆ ಎನ್ನುತ್ತಾನೆ ಗಂಡ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಬರೀ ಸುಳ್ಳುಗಾರನಾಗುತ್ತಿದ್ದ. ಸುಳ್ಳು ಹೇಳಿದವರನ್ನೆಲ್ಲ ಈ ಪದದಿಂದ ಬೈಯುವವರು ಚಿತ್ರದ ಒಂದು ದೃಶ್ಯವನ್ನು ನೋಡಬೇಕು. ಗೋಡೆಯ ಪಟವನ್ನು ತಾನೇ ಬಚ್ಚಿಟ್ಟು ಹೆಂಡತಿಯನ್ನು ಕೇಳುವುದು, ಆಳುಗಳ ಮುಂದೆಯೇ ಅವಳನ್ನು ವಿಚಾರಣೆಗೆ ನಿಲ್ಲಿಸುವುದು ಹೇಗೂ ದಿನದ ಪಾಡು. ಅದರ ಮೇಲೆ ಒಂದು ಸಂಜೆ ದೊಡ್ಡವರ ಮನೆಯ ಸಂಗೀತ ಕಛೇರಿಗೆ ದಂಪತಿಗಳು ಹೋಗುತ್ತಾರೆ. ಎಷ್ಟೋ ದಿನದ ಮೇಲೆ ನಾಲ್ಕು ಜನರ ಮುಖ ಕಂಡ ಸಂತೋಷ ಅವಳಿಗೆ. ನಡುವೆ ಗಂಡ ತನ್ನ ಗಡಿಯಾರ ಕಾಣುತ್ತಿಲ್ಲವೆಂದು ಪಿಸುಗುಟ್ಟುತ್ತಾನೆ. ಅದು ಸಿಕ್ಕುವುದು ಅವಳ ಕೈಚೀಲದಲ್ಲಿ! ತುಂಬಿದ ಸಭೆಯಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆ ಸಭ್ಯ ಜನಕ್ಕೆ ಕಾಣುವುದು ಏನು? ತಲೆಕೆಟ್ಟ ಹೆಂಡತಿ, ಅವಳನ್ನು ತಾಳ್ಮೆಯಿಂದ ಸುಧಾರಿಸಿಕೊಂಡು ಹೊರಗೆ ಕರೆದೊಯ್ಯುವ ಪಾಪದ ಗಂಡ. ಅಲ್ಲಿಂದ ಮುಂದೆ ಅವನು ಬಾಯಿ ಬಿಡಬೇಕಾದದ್ದೇ ಇಲ್ಲ, ಊರೇ ಅವನ ಪರವಾಗಿ ಸಾಕ್ಷಿ ಹೇಳುತ್ತದೆ. ಡಯಾನಾ ವಿನ್ಯಾರ್ಡ್ ಈ ಘಟ್ಟದಲ್ಲಿ ಅಳುವ ರೀತಿ ಅಂದವಾಗಿಲ್ಲ, ಅಂದವಾಗಿರಬೇಕಾಗಿಯೂ ಇಲ್ಲ. ಆಂಟನ್ ವಾಲ್‌ಬ್ರೂಕರ ಗಂಡನಂತೂ ಆ ಮರ್ಯಾದೆಯ ಮಾತಿನಿಂದಲೇ ಮೈ ನಡುಗಿಸುತ್ತಾನೆ.

ಹಾಲಿವುಡ್ಡಿನ ಪ್ರತಿಯಲ್ಲೂ ಈ ಕಛೇರಿ ಇದೆಯಲ್ಲ ಎನ್ನಬಹುದು. ಇದೆ. ಬರ್ಗ್‌ಮನ್ನರಿಗೆ ಬಂದ ಆಸ್ಕರ್ ಬಹುಮಾನವನ್ನು ಕಿತ್ತುಕೊಳ್ಳುವ ಆಸೆ ನನಗಿಲ್ಲ. ಆಂಜೆಲಾ ಲ್ಯಾನ್ಸ್‌ಬರಿ ತಮ್ಮ ಮೊದಲ ಚಿತ್ರದಲ್ಲೇ ಮನೆಗೆಲಸದ ಹುಡುಗಿಯಾಗಿ ಮಿಂಚಿದ್ದೂ ನಿಜ. ಆದರೆ ಆ ಚಿತ್ರ ನಾಯಕಿಯನ್ನು ಕೊಲೆಯಾದ ಪ್ರಖ್ಯಾತ ಗಾಯಕಿಯ ಸೋದರ ಸೊಸೆಯನ್ನಾಗಿ ಮಾಡಿತು. ಇಂಥ ಅಪರೂಪದ ಹೆಣ್ಣಿಗೆ ಇಂಥ ಅಪರೂಪದ ಸಂಕಟ ಎಂದು ಪ್ರೇಕ್ಷಕ ನಿಶ್ಚಿಂತನಾಗಿ ಮನೆಗೆ ಹೋಗಬಹುದು. ಬೆಲ್ಲಾಳಿಗೆ ಅಂಥ ಹಿನ್ನೆಲೆಯೇನೂ ಇಲ್ಲ. ಯಾರ ಮನೆಯ ಹೆಣ್ಣಾದರೂ ಅವಳಾಗಿರಬಹುದಿತ್ತು.

ಇನ್ನೂ ದೊಡ್ಡ ಅಪಚಾರವೆಂದರೆ ಕಾಪಾಡಲು ಬರುವವನ ವಿಷಯದಲ್ಲಿ ನಡೆದದ್ದು. ಹಾಲಿವುಡ್ ಅಲ್ಲಿ ಜೋಸೆಫ್ ಕಾಟನ್ನರಂಥ ಸುಂದರ ಪೊಲೀಸ್ ಅಧಿಕಾರಿಯನ್ನು ತಂದು ನಿಲ್ಲಿಸಿತು. ಒಬ್ಬ ಗಂಡಸಿನ ಕೈಯಿಂದ ಬಿಡಿಸಿ ಇನ್ನೊಬ್ಬನ ಕೈಗೆ ಒಪ್ಪಿಸಿದರೆ ಕಥೆ ಸುಖಾಂತ್ಯವಾಯಿತೆಂದು ಅದರ ಎಣಿಕೆ. ಬ್ರಿಟಿಷ್ ಚಿತ್ರದ ರಫ್ ವಯಸ್ಸಾದ, ದಪ್ಪ ಮೈಯ, ಕೆಲಸದಿಂದ ನಿವೃತ್ತನಾಗಿ ಕುದುರೆ ಲಾಯ ನಡೆಸುವ ಮಾಜಿ ಪೊಲೀಸಿನವನು. ಅವನಿಗೆ ಪ್ರೇಮದ ಗೊಡವೆಯಿಲ್ಲ. ದೀಪ ಮಂಕಾಗುವುದು ಅವನಿಗೂ ಕಾಣುತ್ತದೆ, ಅಷ್ಟೆ. ಎರಡನೆಯ ಒಂದು ಜೊತೆ ಕಣ್ಣು ಅದನ್ನು ಕಂಡದ್ದರಿಂದ ಅವಳ ಬುದ್ಧಿ ಅವಳಿಗೆ ಮರಳಿ ಬರುತ್ತದೆ.

ಹಾಲಿವುಡ್ಡಿನದು 114 ನಿಮಿಷ, ಇದು ಸುಮಾರು 84. ಆ ಹೆಚ್ಚಿನ ಅರ್ಧ ಗಂಟೆ ನನಗಂತೂ ಬೇಕೆನಿಸಲಿಲ್ಲ. ಹಳೆಯ ಚಿತ್ರ ಸಿಕ್ಕುವುದಿಲ್ಲವೆಂಬ ನೆಪವೂ ಈಗ ಉಳಿದಿಲ್ಲ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದನ್ನು 2013ರಲ್ಲಿ ಡಿಸ್ಕಿನಲ್ಲಿ ಹೊರತಂದಿದೆ. ಬರ್ಗ್‌ಮನ್ನರ ಚಿತ್ರ ತೋರಿಸಿ ಈ ಪದದ ಮೇಲೆ ಚರ್ಚೆ ಇಟ್ಟುಕೊಳ್ಳುವ ಫಿಲ್ಮ್ ಸೊಸೈಟಿಗಳು ಮೊದಲ ದಿನ ಇದನ್ನು ತೋರಿಸಲಿ, ಮರುದಿನ ಅದನ್ನು.