ಟೀನಾ ಉಳಿಸಿಕೊಂಡದ್ದು

ಬದುಕುಳಿದ ಹೆಣ್ಣಿನ ಹಾಡಿಗೆ ಚಪ್ಪಾಳೆ ತಟ್ಟುತ್ತೇವೆ. ಉಳಿಯಲು ಆಕೆ ತೆತ್ತದ್ದೇನೆಂದು ಕೇಳುವುದಿಲ್ಲ. ಹೊಡೆಯುವ ಗಂಡ ಐಕ್‌ನನ್ನು ಬಿಟ್ಟು 1976ರಲ್ಲಿ ಡಲ್ಲಾಸ್‌ನ ಹೋಟೆಲಿನಿಂದ ಓಡಿದಾಗ, ಅಮೆರಿಕದ ಗಾಯಕಿ ಟೀನಾ ಟರ್ನರ್ ಕೈಯಲ್ಲಿದ್ದದ್ದು 36 ಸೆಂಟು, ಒಂದು ಪೆಟ್ರೋಲ್ ಕಾರ್ಡು. 1978ರ ವಿಚ್ಛೇದನದಲ್ಲಿ ಹಳೆಯ ಹಾಡುಗಳ ಪ್ರಕಾಶನದ ಹಣ ಬಿಟ್ಟುಕೊಟ್ಟು, ಹಟ ಹಿಡಿದು ಉಳಿಸಿಕೊಂಡದ್ದು ಟೀನಾ ಎಂಬ ಹೆಸರನ್ನು. ಅದೂ ಅವನಿಟ್ಟದ್ದೇ! ರದ್ದಾದ ಕಾರ್ಯಕ್ರಮಗಳ ಸಾಲವೂ ಆಕೆಯ ತಲೆಗೇ. ಮತ್ತೆ ಮೇಲೆದ್ದದ್ದು 1984ರಲ್ಲಿ, 44ನೇ ವಯಸ್ಸಿಗೆ. ನಡುವಿನ ಎಂಟು ವರ್ಷ ಯಾವ ಹಾಡಿನಲ್ಲೂ ಇಲ್ಲ.

ನಮ್ಮಲ್ಲೂ ಗಂಡನ ಮನೆ ಬಿಟ್ಟು ಬಂದವಳು ಒಡವೆ, ಪಾತ್ರೆ ಕೇಳಿದರೆ ಹಿರಿಯರು 'ಹೋಗಲಿ ಬಿಡು, ಜೀವ ಉಳಿಯಿತಲ್ಲ' ಎನ್ನುತ್ತಾರೆ. ಈ ಔದಾರ್ಯ ಯಾರ ಖರ್ಚಿನಲ್ಲಿ? ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ನಾನೂ ಹಾಗೇ ಹೇಳಿದ್ದೆ. ಅವಳ ಬಿ.ಎ. ಅಂಕಪಟ್ಟಿ ಇನ್ನೂ ಆ ಮನೆಯ ಬೀರುವಿನಲ್ಲೇ ಇದೆ.