ಟ್ರೌಟ್ ಸೀಸನ್ ಶುರುವಾಗೋದು ಮಾರ್ಚ್ 1ಕ್ಕಲ್ಲ

ಗೆಳೆಯರೇ, ಈ ವಾರ ತೋಟ ಬಿಟ್ಟು ಸ್ವಲ್ಪ ಹೊಳೆ ಕಡೆ ಹೋಗೋಣ. ನಮ್ಮ ಹೊಳೆಗಲ್ಲ, ಹಿಮಾಚಲ ಪ್ರದೇಶದ ತೀರ್ಥನ್ ನದಿಗೆ. ಕೊನೆಗೆ ಬಂದು ನಿಲ್ಲೋದು ಮಾತ್ರ ನಿಮ್ಮ ತೋಟದ ಕೆಳಗಿನ ಹಳ್ಳದಲ್ಲೇ.

ಎರಡು ವರ್ಷದ ಹಿಂದೆ ಸೇಬು ತೋಟ ನೋಡಬೇಕು ಅಂತ ಕುಲ್ಲು ಜಿಲ್ಲೆಯ ಬಂಜಾರ್ ಕಡೆ ಹೋಗಿದ್ದೆ. ಫೆಬ್ರವರಿ ಕೊನೆ. ಗಿಡಗಳ ಪ್ರೂನಿಂಗ್ ಮುಗಿದಿತ್ತು, ಮೊಗ್ಗು ಇನ್ನೂ ಒಡೆದಿರಲಿಲ್ಲ. ನಾನು ಉಳಿದಿದ್ದ ಮನೆಯ ಯಜಮಾನರು ಎಪ್ಪತ್ತು ದಾಟಿದ ಸೇಬು ಬೆಳೆಗಾರರು. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡ್ತಾ ಇದ್ದರೂ ಅವರ ಕೈ ಗಾಳದ ಕೋಲು ಒರೆಸೋದರಲ್ಲೇ ಇತ್ತು. "ನಾಡಿದ್ದು ಮಾರ್ಚ್ ಒಂದು, ಬೇಟಾ. ಹೊಳೆ ಬಾಗಿಲು ತೆಗೆಯುತ್ತೆ" ಅಂದರು.

ಹಿಮಾಚಲದಲ್ಲಿ ಟ್ರೌಟ್ ಇರುವ ಹೊಳೆಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮೀನು ಹಿಡಿಯೋ ಹಾಗಿಲ್ಲ. ಮಾರ್ಚ್ 1ಕ್ಕೆ ಸೀಸನ್ ಶುರು. ಆಗಲೂ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಆ ದಿನ ಬೆಳಿಗ್ಗೆ ನಾನೂ ಅವರ ಹಿಂದೆ ಹೋದೆ. ಹಿಮ ಕರಗಿದ ನೀರು, ಕಾಲಿಟ್ಟರೆ ಮೂಳೆಗೆ ಚಳಿ ಇಳಿಯುತ್ತೆ. ತಿಳಿ ನೀರಲ್ಲಿ ಕಾಲು ಮುಳುಗುವಷ್ಟೇ ಆಳದ ಜಾಗ ನೋಡಿ ದಾಟೋಕೆ ಹೊರಟೆ. ಅಜ್ಜ ಹಿಂದಿನಿಂದ ನನ್ನ ಜಾಕೆಟ್ ಹಿಡಿದು ಎಳೆದರು. "ಅಲ್ಲಿ ಬೇಡ. ಆ ಸಣ್ಣ ಕಲ್ಲಿನ ಹಾಸಲ್ಲಿ ಮರಿ ಇರಬಹುದು. ಬಂಡೆ ಮೇಲೆ ಹೆಜ್ಜೆ ಇಡು."

ಅವರು ಹೇಳಿದ್ದು ಏನು ಅಂತ ಅರ್ಥ ಆಗಬೇಕಾದರೆ ಬ್ರೌನ್ ಟ್ರೌಟ್ ಬಗ್ಗೆ ಸ್ವಲ್ಪ ಗೊತ್ತಿರಬೇಕು. ಕಂದು ಹೊನ್ನಿನ ಮೈ, ಅದರ ಮೇಲೆ ಕಪ್ಪು ಮತ್ತು ಕೆಂಪು ಚುಕ್ಕೆ. ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ಮೊಟ್ಟೆ ಇಡೋದು ಚಳಿಗಾಲದಲ್ಲಿ. ಹೆಣ್ಣು ಮೀನು ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ಮಾಡಿ, ಮೊಟ್ಟೆ ಇಟ್ಟು, ಮತ್ತೆ ಜಲ್ಲಿ ಮುಚ್ಚುತ್ತೆ. ಮೊಟ್ಟೆ ಒಡೆಯೋಕೆ ಎಷ್ಟು ದಿನ ಅನ್ನೋದು ನೀರಿನ ಶಾಖದ ಲೆಕ್ಕ. 10 ಡಿಗ್ರಿ ನೀರಲ್ಲಿ ಸುಮಾರು 40 ದಿನ, ಇನ್ನೂ ತಣ್ಣಗಿದ್ದರೆ ಎರಡು ಮೂರು ತಿಂಗಳು. ಬೆಳೆಗೆ ನಾವು ಹಾಕುವ ಡಿಗ್ರಿ-ದಿನದ ಲೆಕ್ಕದಂತೆಯೇ ಇದು. ಒಡೆದ ಮರಿಗಳೂ ಹೊಟ್ಟೆಗೆ ಅಂಟಿದ ಹಳದಿ ಚೀಲ ಕರಗುವವರೆಗೆ ವಾರಗಟ್ಟಲೆ ಜಲ್ಲಿಯ ಒಳಗೇ ಇರ್ತವೆ. ಅಂದ್ರೆ ಮಾರ್ಚ್ 1ಕ್ಕೆ ಗಾಳ ಹಾಕುವವನ ಕಾಲ ಕೆಳಗೇ ಮುಂದಿನ ವರ್ಷಗಳ ಮೀನು ಮಲಗಿರಬಹುದು.

ಅದಕ್ಕೇ ನಾನು ಹೇಳೋದು, ಸೀಸನ್ ಶುರುವಾಗೋದು ಮಾರ್ಚ್ 1ಕ್ಕಲ್ಲ. ಹೊಳೆಗೆ ಬೀಗ ಬೀಳುವ ನವೆಂಬರ್ 1ಕ್ಕೇ ಅದು ಶುರು. ಬಿತ್ತನೆ ಆಗದೆ ಕೊಯ್ಲು ಎಲ್ಲಿಂದ?

ಇನ್ನೊಂದು ವಿಷಯ ನನ್ನ ತಲೆ ಕೊರೆದಿದ್ದು. ಈ ಮೀನು ನಮ್ಮ ದೇಶದ್ದೇ ಅಲ್ಲ. ಯುರೋಪಿನದು. ಬ್ರಿಟಿಷರ ಕಾಲದಲ್ಲಿ ಗಾಳದ ಮೋಜಿಗೆ ಅಂತ ಹಡಗಿನಲ್ಲಿ ಮೊಟ್ಟೆ ತರಿಸಿದರು. 1899ರಲ್ಲಿ ಕಾಶ್ಮೀರಕ್ಕೆ ಹೊರಟ ಮೊದಲ ಕಂತು ದಾರಿಯಲ್ಲೇ ಹಾಳಾಯ್ತು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದದ್ದು ಬದುಕಿತು. ಕಾಶ್ಮೀರದಿಂದ 1909ರಲ್ಲಿ ಕುಲ್ಲು ಕಣಿವೆಗೆ ಬಂತು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಬ್ರೌನ್ ಟ್ರೌಟ್ ಹೆಸರಿದೆ, ಯಾಕಂದ್ರೆ ಹೋದ ಕಡೆ ಸ್ಥಳೀಯ ಮೀನುಗಳನ್ನು ತಿಂದು ಮುಗಿಸುತ್ತೆ. ಹಾಗಾಗಿ ನಾನು ಈ ಮೀನಿನ ಭಜನೆ ಮಾಡ್ತಾ ಇಲ್ಲ. ನನ್ನ ಪ್ರಶ್ನೆ ಬೇರೆ. ಹೊರಗಿನಿಂದ ಬಂದ ಒಂದು ಮೀನಿಗೆ ನಾಲ್ಕು ತಿಂಗಳು ರಜೆ ಕೊಡೋಕೆ ಅಲ್ಲಿನ ಜನ ಒಪ್ಪಿದ್ದಾರೆ. ನಮ್ಮದೇ ಹಳ್ಳದ ಮೀನಿಗೆ ನಾವು ಎಷ್ಟು ದಿನ ಕೊಟ್ಟಿದ್ದೀವಿ?

ನಾನು ಮಲೆನಾಡಿನವನು. ಮೊದಲ ದೊಡ್ಡ ಮಳೆ ಹೊಡೆದ ರಾತ್ರಿ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುತ್ತವೆ. ಅವು ಏರೋದು ಮೊಟ್ಟೆ ಇಡೋಕೆ. ನಾವು ಹೋಗೋದು ಬ್ಯಾಟರಿ, ಬಲೆ, ಕೂಣಿ ಹಿಡಿದು. ಚಿಕ್ಕವನಿದ್ದಾಗ ಅಪ್ಪನ ಜೊತೆ ನಾನೂ ಹೋಗಿದ್ದೀನಿ, ಹೊಟ್ಟೆ ತುಂಬ ಮೊಟ್ಟೆ ಇದ್ದ ಮೀನಿನ ಸಾರು ಚಪ್ಪರಿಸಿ ತಿಂದಿದ್ದೀನಿ. ಆಗ ಒಂದು ಮನೆಗೆ ಒಂದು ಹೊತ್ತಿನ ಸಾರು. ಈಗ ಮಾರನೇ ದಿನ ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್ ತೆಗೆದರೆ ಸಾಲು ಸಾಲು ಗೊಬ್ಬರದ ಚೀಲ, ಚೀಲದ ತುಂಬ ಮೀನು. ಎಲ್ಲಿ ಏರ್ತಾ ಇವೆ ಅನ್ನೋ ಸುದ್ದಿ ಹತ್ತು ನಿಮಿಷದಲ್ಲಿ ಇಡೀ ಊರಿಗೆ ಗೊತ್ತಾಗುತ್ತೆ. ಪದ್ಧತಿ ಹಳೆಯದೇ, ಅಳತೆ ಮಾತ್ರ ಹಳೆಯದಲ್ಲ.

ಮೀನು ಹಿಡಿಯೋರನ್ನಷ್ಟೇ ಬೈದು ಕೈ ತೊಳೆದುಕೊಂಡರೆ ಅದೂ ಸುಳ್ಳಾಗುತ್ತೆ. ನಾನೇ ಮಾಡಿದ ತಪ್ಪು ಹೇಳ್ತೀನಿ. ಸಾವಯವಕ್ಕೆ ಬಂದ ಮೊದಲ ವರ್ಷ, ಅಡಿಕೆಗೆ ಬೋರ್ಡೋ ಹೊಡೆಸಿದ ಸಂಜೆ, ಮೈಲುತುತ್ತ ಕರಗಿಸಿದ್ದ ಡ್ರಮ್ಮನ್ನು ಹಳ್ಳದಲ್ಲೇ ತೊಳೆದೆ. ತೋಟಗಾರಿಕೆ ಪದವಿ ಓದಿದವನು ನಾನು. ಸಾವಯವದಲ್ಲಿ ಮಿತವಾಗಿ ಬಳಸಬಹುದು ಅಂತ ಇರುವ ವಸ್ತು, ಏನಾಗುತ್ತೆ ಅನ್ನೋ ಧೈರ್ಯ. ಮಾರನೇ ದಿನ ಕೆಳಗಿನ ಗುಂಡಿಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲ್ತಾ ಇದ್ದವು. ತಾಮ್ರ ಮೀನಿಗೆ ಘೋರ ವಿಷ. ಸುಣ್ಣದ ಅಂಶ ಕಡಿಮೆ ಇರುವ ಮೆದು ನೀರಲ್ಲಿ ಅದರ ವಿಷ ಇನ್ನೂ ಹೆಚ್ಚು, ನಮ್ಮ ಮಲೆನಾಡಿನ ಹಳ್ಳದ್ದು ಅಂಥ ಮೆದು ನೀರೇ. ಸೈಪರ್‌ಮೆಥ್ರಿನ್ ಥರದ ಕೀಟನಾಶಕಗಳಂತೂ ಕೇಳೋದೇ ಬೇಡ, ಮೀನಿಗೆ ತೊಟ್ಟು ಸಾಕು.

ವಿಷ ಇಲ್ಲದಿದ್ದರೂ ಮಣ್ಣು ಸಾಕು. ಟ್ರೌಟ್ ಮೊಟ್ಟೆಗೆ ಉಸಿರು ಸಿಗೋದು ಜಲ್ಲಿ ಸಂದಿಯಲ್ಲಿ ಹರಿಯೋ ನೀರಿನಿಂದ. ಮೇಲಿನ ಹೊಲದ ನುಣ್ಣನೆ ಮಣ್ಣು ಬಂದು ಕೂತರೆ ಸಂದಿ ಮುಚ್ಚಿ ಮೊಟ್ಟೆ ಒಳಗೇ ಸಾಯುತ್ತೆ. ಕೆಂಪು ಬಣ್ಣಕ್ಕೆ ತಿರುಗಿದ ನಮ್ಮ ಜೂನ್ ಹಳ್ಳ ನೋಡುವಾಗ ನನಗೆ ಈಗ ಇದೇ ನೆನಪಾಗುತ್ತೆ. ಹರಿದು ಹೋಗ್ತಿರೋದು ನಮ್ಮ ಮೇಲ್ಮಣ್ಣು. ಮೀನಿನ ನಷ್ಟ, ನಮ್ಮ ನಷ್ಟ ಬೇರೆ ಬೇರೆ ಅಲ್ಲ.

"ಇದೆಲ್ಲ ಸರ್ಕಾರದ ಕೆಲಸ" ಅನ್ನೋರಿದ್ದಾರೆ. ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಹಿಡಿಯಬಾರದು ಅಂತ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಇದೆ. ಅದು ನಿಂತಿದೆಯಾ ಅಂತ ನಿಮ್ಮೂರಲ್ಲೇ ನೋಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋದಿಲ್ಲ. ಬಂದರಿನಲ್ಲಿ ಎಲ್ಲರ ಕಣ್ಣೆದುರು ನಿಂತ ದೋಣಿ ಅದು, ಅದಕ್ಕೇ ನಡೆಯುತ್ತೆ. ನಿಮ್ಮ ತೋಟದ ಹಿಂದಿನ ಹಳ್ಳಕ್ಕೆ ಯಾವ ಅಧಿಕಾರಿ ರಾತ್ರಿ ಮಳೆಯಲ್ಲಿ ಬರ್ತಾನೆ? ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನು ಅಂತ ಯಾರೂ ಮುಟ್ಟೋದಿಲ್ಲ. ಅಲ್ಲಿ ಕಾದಿರೋದು ಜನರ ಒಪ್ಪಂದ. ಪ್ರತಿ ಹಳ್ಳಕ್ಕೂ ದೇವಸ್ಥಾನ ಬೇಕಿಲ್ಲ, ಅಂಥ ಒಪ್ಪಂದ ಬೇಕು.

ನಾನು ನನ್ನ ತೋಟದಲ್ಲಿ ಮಾಡಿಕೊಂಡಿರೋ ಕಟ್ಟು ಹೇಳ್ತೀನಿ, ಸರಿ ಅನ್ನಿಸಿದರೆ ನೀವೂ ಮಾಡಿ. ಡ್ರಮ್, ಪಂಪು, ಪೈಪು ತೊಳೆದ ನೀರು ಹಳ್ಳಕ್ಕೆ ಹೋಗೋ ಹಾಗಿಲ್ಲ. ಹಳ್ಳದಿಂದ ದೂರ, ತಗ್ಗಿಲ್ಲದ ಜಾಗದಲ್ಲಿ ಒಂದು ಗುಂಡಿ ಅದಕ್ಕೇ ಮೀಸಲು. ಹಳ್ಳದ ಅಂಚಿನ ಗಿಡಗಳಿಗೆ ಬೋರ್ಡೋ ಹೊಡೆಯೋದು ಮಳೆ ಬರುವ ಸೂಚನೆ ಇಲ್ಲದ ದಿನ ಮಾತ್ರ. ಮೊಬೈಲಲ್ಲಿ ಹವಾಮಾನ ನೋಡೋಕೆ ಎರಡು ನಿಮಿಷ ಸಾಕು. ಇಳಿಜಾರಿನ ಕೊನೆಗೆ ಇಂಗುಗುಂಡಿ, ದಡಕ್ಕೆ ಲಾವಂಚದ ಸಾಲು, ಮಣ್ಣು ಅಲ್ಲೇ ನಿಲ್ಲಲಿ. ಇನ್ನು ಮೊದಲ ಮಳೆಯ ಎರಡು ವಾರ ನಮ್ಮ ಗದ್ದೆಯ ಕಾಲುವೆಗೆ ಕೂಣಿ ಇಲ್ಲ, ಬಲೆ ಇಲ್ಲ.

ಈ ಕೊನೆಯದಕ್ಕೆ ಮನೆಯಲ್ಲೇ ಜಗಳ ಆಯ್ತು. ಅಪ್ಪ ಮೊದಲ ವರ್ಷ ಮಾತೇ ಬಿಟ್ಟಿದ್ದರು. "ನಾವು ಬಿಟ್ಟದ್ದನ್ನ ಪಕ್ಕದವರು ಹಿಡೀತಾರೆ, ಅಷ್ಟೇ" ಅಂದರು. ಅವರು ಹೇಳಿದ್ದು ನಿಜ, ಹಿಡಿದರು. ಆದರೂ ಹೋದ ಮಳೆಗಾಲ ರಾತ್ರಿ ಅವರೇ ಕೊಡೆ ಹಿಡಿದು ಕಾಲುವೆ ಹತ್ತಿರ ನಿಂತಿದ್ದರು. ಬೀಡಿ ಸೇದ್ತಾ, ಬ್ಯಾಟರಿ ಬೆಳಕಲ್ಲಿ ಏರುವ ಮೀನು ಎಣಿಸ್ತಾ ಇದ್ದರು. ಕೈಯಲ್ಲಿ ಕತ್ತಿ ಇರಲಿಲ್ಲ.

ತೀರ್ಥನ್ ದಂಡೆಯ ಅಜ್ಜನಿಗೆ ಆ ದಿನ ಸಂಜೆವರೆಗೆ ಸಿಕ್ಕಿದ್ದು ಒಂದೇ ಟ್ರೌಟ್. ಅದನ್ನೇ ಸುಟ್ಟು ನಾಲ್ಕು ಜನ ಹಂಚಿಕೊಂಡು ತಿಂದೆವು. ನಾಲ್ಕು ತಿಂಗಳು ಕಾದ ಮೀನು. ಈ ಜೂನ್‌ನಲ್ಲಿ ನಿಮ್ಮ ಸ್ಟೇಟಸ್‌ಗೂ ಹತ್ತುಮೀನು ಬರಲಿ, ಚೀಲದಲ್ಲಿ ಬೇಡ, ನೀರಲ್ಲಿ ಏರ್ತಾ ಇರೋದನ್ನ ಹಾಕಿ. ಎರಡು ವಾರ ಕಾದು ಆಮೇಲೆ ಒಂದು ಹೊತ್ತಿನ ಸಾರು ಮಾಡಿದರೆ ನಾನಂತೂ ಬೇಡ ಅನ್ನೋದಿಲ್ಲ, ಕರೆದರೆ ಊಟಕ್ಕೂ ಬರ್ತೀನಿ.